ಲೋಟದ ನೀರು, ಸೊಂಟದ ಸುತ್ತಳತೆ

ಬೆಳಗ್ಗೆ ಆರೂವರೆಗೆ ಲಾಲ್‌ಬಾಗಿನ ಗೇಟಿನ ಹೊರಗೆ ನಿಂತರೆ ಬೆಂಗಳೂರಿನ ತೂಕದ ಚಿಂತೆ ಕಣ್ಣಿಗೇ ಕಾಣಿಸುತ್ತದೆ. ತಳ್ಳುಗಾಡಿಯ ಮೇಲೆ ಬೂದುಗುಂಬಳದ ರಸ, ಬಾಳೆದಿಂಡಿನ ರಸ, ಗರಿಕೆ ರಸ, ಹಾಗಲಕಾಯಿ ರಸ. ನಡಿಗೆ ಮುಗಿಸಿ, ಮುಖ ಕಿವುಚಿಕೊಂಡು ಒಂದು ಲೋಟ ಇಳಿಸಿದವರು ಅಲ್ಲಿಂದ ಗುಂಪುಗೂಡಿ ಹತ್ತಿರದ ದರ್ಶಿನಿಗೆ ನಡೆಯುತ್ತಾರೆ. ಒಂದು ಮಸಾಲೆ ದೋಸೆ, ಮೇಲೊಂದು ಸ್ಟ್ರಾಂಗ್ ಕಾಫಿ. ಮುಕ್ಕಾಲು ಗಂಟೆಯ ನಡಿಗೆಯಲ್ಲಿ ಖರ್ಚಾಗಿದ್ದು ಹೆಚ್ಚೆಂದರೆ 200 ಕ್ಯಾಲೊರಿ, ತಟ್ಟೆ ಲೋಟದಲ್ಲಿ ಮರಳಿ ಬಂದಿದ್ದು ಅದರ ಎರಡರಷ್ಟು. ಇದನ್ನು ಗೇಲಿಗೆ ಹೇಳುತ್ತಿಲ್ಲ. ಆ ದೋಸೆಯ ಆಸೆಯಿಲ್ಲದಿದ್ದರೆ ಅರ್ಧ ಮಂದಿ ಹಾಸಿಗೆ ಬಿಟ್ಟು ಏಳುತ್ತಲೇ ಇರಲಿಲ್ಲವೇನೋ. ಆದರೆ ಅದೇ ಮೇಜಿನ ಸುತ್ತ ಕಿವಿಗೆ ಬೀಳುವ ಒಂದು ಮಾತಿದೆ: ‘ದಿನಕ್ಕೆ ನಾಲ್ಕು ಲೀಟರ್ ನೀರು ಕುಡೀರಿ ಸಾರ್, ಬೊಜ್ಜು ತಾನಾಗೇ ಕರಗಿಹೋಗುತ್ತೆ.’

ಪುಕ್ಕಟೆ ಸಿಗುವ ಔಷಧ, ಕಹಿಯಿಲ್ಲ, ಬೆವರಿಲ್ಲ. ನಂಬಬೇಕೆನ್ನಿಸುವುದು ಸಹಜ. ಆ ಔಷಧ ಬೇಕಾದವರೂ ಕಡಿಮೆಯಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಹೆಣ್ಣಿರಲಿ ಗಂಡಿರಲಿ, ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು. ಅದೂ ಎತ್ತರಕ್ಕೆ ತಕ್ಕ ತೂಕ ಹೇಳುವ ಬಿಎಂಐ 25ರ ಅಳತೆಗೋಲು ಹಿಡಿದಾಗ. ನಮ್ಮ ವೈದ್ಯರು ಭಾರತೀಯರಿಗೆ 23 ದಾಟಿದರೇ ಎಚ್ಚರಿಕೆ ಎನ್ನುತ್ತಾರೆ. ಅದಕ್ಕೂ ಒಂದು ಕತೆಯುಂಟು. 2004ರಲ್ಲಿ ಪುಣೆಯ ಡಾ. ಸಿ.ಎಸ್. ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೊ ಅಚ್ಚು ಹಾಕಿಸಿದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ಬಿಳಿಯ ವೈದ್ಯರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ನಮ್ಮ ಯಾಜ್ಞಿಕರ ಮೈಯಲ್ಲಿ 21.2. ತೆಳ್ಳಗೆ ಕಾಣುವ ಭಾರತೀಯನ ಹೊಟ್ಟೆಯೊಳಗೆ ಅಡಗಿರುವ ಬೊಜ್ಜನ್ನು ತಕ್ಕಡಿ ಹಿಡಿದು ತೋರಿಸುವುದಿಲ್ಲ. ಅದಕ್ಕೇ ತಕ್ಕಡಿಗಿಂತ ದರ್ಜಿಯ ಟೇಪು ಮೇಲು. ಸೊಂಟದ ಸುತ್ತ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಯೋಚಿಸಬೇಕು.

ಹಾಗಾದರೆ ನೀರು ಕುಡಿದರೆ ಈ ಟೇಪು ಬಿಗಿಯುವುದು ಕಡಿಮೆಯಾಗುತ್ತದೆಯೇ? ಕೊಬ್ಬು ನೀರಲ್ಲಿ ‘ಕರಗಿ’ ಹೋಗುವುದಂತೂ ಇಲ್ಲ. ಅದು ಹೋಗುವ ದಾರಿಯೇ ಬೇರೆ. 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು: ಹತ್ತು ಕಿಲೊ ಕೊಬ್ಬು ಉರಿದರೆ ಅದರಲ್ಲಿ 8.4 ಕಿಲೊ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನ ಮೂಲಕ ಹೊರಬೀಳುತ್ತದೆ, ಉಳಿದ 1.6 ಕಿಲೊ ನೀರಾಗುತ್ತದೆ. ಅಂದರೆ ಇಳಿದ ತೂಕದ ಬಹುಪಾಲನ್ನು ನಾವು ಉಸಿರಾಡಿ ಕಳೆಯುತ್ತೇವೆ. ಹಾಗೆಂದು ಜೋರಾಗಿ ಉಸಿರೆಳೆದು ಬಿಟ್ಟರೆ ತೂಕ ಇಳಿಯದು, ತಲೆ ಸುತ್ತೀತು ಅಷ್ಟೆ. ಮೊದಲು ಉರಿಯಬೇಕು. ಉರಿಯಬೇಕಾದರೆ ತಿಂದದ್ದಕ್ಕಿಂತ ಹೆಚ್ಚು ಖರ್ಚಾಗಬೇಕು.

ನೀರೇ ಆ ಖರ್ಚನ್ನು ಹೆಚ್ಚಿಸುತ್ತದೆ ಎಂಬ ಸುದ್ದಿ ಹಬ್ಬಿದ್ದು 2003ರಲ್ಲಿ. ಅರ್ಧ ಲೀಟರ್ ನೀರು ಕುಡಿದ ಮೇಲೆ ಮೈ ಶಕ್ತಿ ಸುಡುವ ವೇಗ ನೂರಕ್ಕೆ 30ರಷ್ಟು ಏರಿತು ಎಂದು ಬರ್ಲಿನ್ನಿನ ಮೈಕೆಲ್ ಬೊಶ್‌ಮನ್ ತಂಡ ಹೇಳಿತು. ಪರೀಕ್ಷೆಗೆ ಕೂತವರು 14 ಮಂದಿ. ಮೂರು ವರ್ಷದ ಮೇಲೆ ಸ್ವಿಟ್ಜರ್ಲೆಂಡಿನ ಇನ್ನೊಂದು ತಂಡ ಅದೇ ಪ್ರಯೋಗ ಮಾಡಿ ನೋಡಿತು. ಸಾಧಾರಣ ನೀರಿಗೆ ಏನೂ ಆಗಲಿಲ್ಲ, ಮೂರು ಡಿಗ್ರಿಯ ಕೊರೆಯುವ ನೀರಿಗೆ ಮಾತ್ರ ನೂರಕ್ಕೆ ನಾಲ್ಕೂವರೆ ಏರಿಕೆ. ಅದೂ ಮೈ ಆ ನೀರನ್ನು ಬೆಚ್ಚಗೆ ಮಾಡಿಕೊಳ್ಳಲು ತಗಲುವ ಖರ್ಚು. ಆ ಲೆಕ್ಕವನ್ನು ಹೈಸ್ಕೂಲಿನ ಭೌತವಿಜ್ಞಾನದಲ್ಲೇ ಮಾಡಬಹುದು. ಎರಡು ಲೀಟರ್ ಐಸ್ ನೀರನ್ನು 37 ಡಿಗ್ರಿಗೆ ತರಲು 74 ಕ್ಯಾಲೊರಿ. ಮೂರು ಮಾರಿ ಬಿಸ್ಕತ್ತು! ಅಷ್ಟಕ್ಕಾಗಿ ಗಂಟಲು ಕೆಡಿಸಿಕೊಳ್ಳುವವರು ಕೆಡಿಸಿಕೊಳ್ಳಲಿ.

‘ದಿನಕ್ಕೆ ಎಂಟು ಲೋಟ’ ಎಂಬ ಸೂತ್ರದ ಮೂಲವೂ ಸ್ವಾರಸ್ಯದ್ದು. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣೆ ಮಂಡಳಿ ಮನುಷ್ಯನಿಗೆ ದಿನಕ್ಕೆ ಎರಡೂವರೆ ಲೀಟರ್ ನೀರು ಬೇಕು ಎಂದು ಬರೆಯಿತು. ಅದರ ಬೆನ್ನಿಗೇ, ಇದರ ಬಹುಪಾಲು ತಿನ್ನುವ ಆಹಾರದಲ್ಲೇ ಇರುತ್ತದೆ ಎಂದೂ ಬರೆದಿತ್ತು. ಮೊದಲ ವಾಕ್ಯ ಜಗತ್ತು ಸುತ್ತಿತು, ಎರಡನೆಯದು ಅಲ್ಲೇ ಉಳಿಯಿತು. ಮೂತ್ರಪಿಂಡದ ಅಧ್ಯಯನದಲ್ಲೇ ಜೀವ ಸವೆಸಿದ ಹೈಂಜ್ ವಾಲ್ಟಿನ್ 2002ರಲ್ಲಿ ಹುಡುಕಿ ಹುಡುಕಿ ಬರೆದರು: ಎಂಟು ಲೋಟಕ್ಕೆ ವೈಜ್ಞಾನಿಕ ಆಧಾರ ಸಿಗಲಿಲ್ಲ ಎಂದು. ಮಡಿಕೇರಿಯ ಜಡಿಮಳೆಯಲ್ಲಿ ಕಂಬಳಿ ಹೊದ್ದು ಕೂತವರಿಗೂ ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ಕಳೆ ಕೀಳುವವರಿಗೂ ಒಂದೇ ಅಳತೆ ಹೊಂದುತ್ತದೆಯೇ? ಬಾಯಾರಿಕೆ, ಮೂತ್ರದ ಬಣ್ಣ ಇವೆರಡೇ ಆರೋಗ್ಯವಂತರಿಗೆ ಸಾಕಷ್ಟು ಒಳ್ಳೆಯ ಗಡಿಯಾರ. ವಯಸ್ಸಾದವರಿಗೆ ಬಾಯಾರಿಕೆ ಮಂಕಾಗುತ್ತದೆ, ಅವರಿಗೆ ನೆನಪಿಸಬೇಕು.

ಇಷ್ಟು ಹೇಳಿದ ಮೇಲೆ ನೀರಿನಿಂದ ಉಪಯೋಗವೇ ಇಲ್ಲವೆಂದು ತೀರ್ಮಾನಿಸಿದರೆ ಅದೂ ಅವಸರವೇ.

ಊಟಕ್ಕೆ ಮುಂಚಿನ ಲೋಟ

ಏಳನೇ ಶತಮಾನದ ಆಸುಪಾಸಿನ ವಾಗ್ಭಟನ ‘ಅಷ್ಟಾಂಗಹೃದಯ’ದಲ್ಲಿ ನೀರಿನ ಬಗ್ಗೆ ಒಂದು ಪುಟ್ಟ ಮಾತಿದೆ. ಊಟದ ನಡುವೆ ನೀರು ಕುಡಿಯುವವನು ಸಮವಾಗಿರುತ್ತಾನೆ, ಊಟ ಮುಗಿದ ಮೇಲೆ ಕುಡಿಯುವವನು ದಪ್ಪಗಾಗುತ್ತಾನೆ, ಮೊದಲೇ ಕುಡಿಯುವವನು ಸಣ್ಣಗಾಗುತ್ತಾನೆ ಎಂಬುದು ಅದರ ಅರ್ಥ. ಇನ್ನು 2010ಕ್ಕೆ ಬನ್ನಿ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಬ್ರೆಂಡಾ ಡೇವಿ ಮತ್ತು ಸಂಗಡಿಗರು 55ರಿಂದ 75 ವಯಸ್ಸಿನ, ತೂಕ ಹೆಚ್ಚಿದ್ದ 48 ಮಂದಿಯನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಕ್ಯಾಲೊರಿ ಮಿತಿಯ ಊಟವೇ. ಒಂದು ಗುಂಪಿಗೆ ಮಾತ್ರ ಮೂರು ಹೊತ್ತೂ ಊಟಕ್ಕೆ ಮುಂಚೆ ಅರ್ಧ ಲೀಟರ್ ನೀರು. ಹನ್ನೆರಡು ವಾರದ ಕೊನೆಗೆ ನೀರು ಕುಡಿದವರು ಇನ್ನೊಂದು ಗುಂಪಿನವರಿಗಿಂತ ಸುಮಾರು ಎರಡು ಕಿಲೊ ಹೆಚ್ಚು ಇಳಿದಿದ್ದರು. 2015ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ, ಊಟಕ್ಕೆ ಅರ್ಧ ಗಂಟೆ ಮುಂಚೆ ಅರ್ಧ ಲೀಟರ್ ಕುಡಿದವರು 1.3 ಕಿಲೊ ಹೆಚ್ಚು ಇಳಿಸಿದರು. ಅಲ್ಲಿ ಎರಡನೇ ಗುಂಪಿಗೆ ಕೊಟ್ಟ ಕೆಲಸ ಕೇಳಿದರೆ ನಗು ಬರುತ್ತದೆ: ಊಟಕ್ಕೆ ಮುಂಚೆ ಹೊಟ್ಟೆ ತುಂಬಿದೆ ಎಂದು ಕಲ್ಪಿಸಿಕೊಳ್ಳಿ ಎಂದಿದ್ದರು.

ವಾಗ್ಭಟ ವರ್ಜೀನಿಯಾದವರಿಗಿಂತ ಮೊದಲೇ ಸಂಶೋಧನೆ ಮಾಡಿದ್ದ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಂಚಬೇಕಾಗಿಲ್ಲ. ಆದರೆ ಎರಡೂ ಕಡೆ ಕೆಲಸ ಮಾಡುತ್ತಿರುವುದು ಒಂದೇ ಸಂಗತಿ, ಜಾಗ. ಹೊಟ್ಟೆಯಲ್ಲಿ ನೀರು ಹಿಡಿದ ಜಾಗಕ್ಕೆ ಎರಡನೇ ಬಾರಿಯ ಅನ್ನ ಬರುವುದಿಲ್ಲ. ಕೊಬ್ಬಿನ ಜೊತೆ ನೀರಿಗೆ ಯಾವ ಜಗಳವೂ ಇಲ್ಲ, ಅದರ ಉಪಕಾರವೆಲ್ಲ ಬೇರೆ ಏನೋ ಒಂದು ಒಳಗೆ ಬಾರದಂತೆ ತಡೆಯುವುದರಲ್ಲಿದೆ. ಇದು ನಡುವಯಸ್ಸು ದಾಟಿದವರಲ್ಲಿ ಚೆನ್ನಾಗಿ ಕಾಣುತ್ತದೆ. ಹರೆಯದವರ ಹೊಟ್ಟೆ ನೀರನ್ನು ಬೇಗ ಕೆಳಗೆ ಇಳಿಸಿ ಮತ್ತೆ ತಟ್ಟೆಗೆ ಕೈ ಚಾಚುತ್ತದೆ.

ಜಾಗದ ಮಾತು ಬಂದಾಗ ಸಾರಿನ ಮಾತು ಬಾರದೆ ಇರುವುದಿಲ್ಲ. ಪೆನ್ಸಿಲ್ವೇನಿಯಾದ ಬಾರ್ಬರಾ ರೋಲ್ಸ್ 1999ರಲ್ಲಿ ಮಾಡಿದ ಪ್ರಯೋಗ ನಮ್ಮ ಅಡುಗೆಮನೆಗೇ ಬರೆದಂತಿದೆ. ಕೋಳಿ, ಅನ್ನ, ತರಕಾರಿ ಹಾಕಿದ ಗಟ್ಟಿ ಖಾದ್ಯವೊಂದನ್ನು 24 ಹೆಂಗಸರಿಗೆ ಊಟಕ್ಕೆ ಮುಂಚೆ ಮೂರು ಬೇರೆ ಬೇರೆ ದಿನ ಮೂರು ಬಗೆಯಲ್ಲಿ ಕೊಟ್ಟರು: ಒಮ್ಮೆ ಹಾಗೆಯೇ, ಒಮ್ಮೆ ಪಕ್ಕದಲ್ಲಿ ಒಂದು ಲೋಟ ನೀರಿಟ್ಟು, ಒಮ್ಮೆ ಅದೇ ಲೋಟದ ನೀರನ್ನು ಖಾದ್ಯಕ್ಕೇ ಸುರಿದು ಸೂಪು ಮಾಡಿ. ಸೂಪು ಕುಡಿದ ದಿನ ಆಮೇಲಿನ ಊಟ ಕಾಲು ಭಾಗದಷ್ಟು ಕಡಿಮೆಯಾಯಿತು. ಪಕ್ಕದಲ್ಲಿಟ್ಟು ಕುಡಿದ ನೀರಿನಿಂದ ವ್ಯತ್ಯಾಸವಾಗಲಿಲ್ಲ. ನೀರು ಅಷ್ಟೇ, ಅಕ್ಕಿ ಕೋಳಿ ಅಷ್ಟೇ. ಅಡುಗೆಯೊಳಗೆ ಸೇರಿದ ನೀರು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಹಾಗೆ ನೋಡಿದರೆ ಹಳೇ ಮೈಸೂರಿನ ಊಟ ನೀರಿನ ಊಟವೇ. ಮುದ್ದೆಯಲ್ಲಿ ಹಿಟ್ಟಿಗಿಂತ ನೀರು ಹೆಚ್ಚು. ಸೊಪ್ಪು ಕಾಳು ಬೇಯಿಸಿದ ಕಟ್ಟು ಬಸಿದು ಮಾಡುವ ಬಸ್ಸಾರಿನಲ್ಲಿ ಅದಕ್ಕಿಂತ ಹೆಚ್ಚು. ಬೇಸಿಗೆಗೆ ಅಂಬಲಿ, ಮಧ್ಯಾಹ್ನಕ್ಕೆ ಮಜ್ಜಿಗೆ, ಬಾಳೆ ಎಲೆಯ ತುದಿಯಲ್ಲಿ ಮೊದಲು ಬಂದು ಕೂರುವ ಹೆಸರುಬೇಳೆ ಕೋಸಂಬರಿಯಲ್ಲಿ ನೂರಕ್ಕೆ 95 ಪಾಲು ನೀರೇ ಆಗಿರುವ ಸೌತೆಕಾಯಿ. ಈ ಊಟ ಉಂಡವರು ತೆಳ್ಳಗಿದ್ದುದಕ್ಕೆ ಹೊಲದ ದುಡಿಮೆಯೂ ಬಡತನವೂ ಕಾರಣ ನಿಜ. ಎಲ್ಲ ಪುಣ್ಯವನ್ನೂ ಬಸ್ಸಾರಿಗೇ ಕಟ್ಟಲಾಗದು. ಆದರೆ ಇವತ್ತು ಅದೇ ಮನೆಗಳ ತಟ್ಟೆಯಲ್ಲಿ ಬಂದು ಕೂತಿರುವುದು ಪೂರಿ, ಪಫ್ಸ್, ಬಿಸ್ಕತ್ತು, ಖಾರಾ ಮಿಕ್ಸ್ಚರ್. ಇವುಗಳಲ್ಲಿ ನೀರು ಬತ್ತಿ ಎಣ್ಣೆ ತುಂಬಿದೆ. ಅಂಗೈಯಗಲದ ಮಿಕ್ಸ್ಚರ್‌ನ ಕ್ಯಾಲೊರಿಯಲ್ಲಿ ಒಂದು ಬಟ್ಟಲು ತುಂಬ ಬಸ್ಸಾರು ಕುಡಿಯಬಹುದು.

ಇಲ್ಲೊಂದು ತಕರಾರು ಇದೆ, ಅದನ್ನು ಮುಚ್ಚಿಡಬಾರದು. ಸಾರು ನಮಗೆ ಅನ್ನವನ್ನು ಬೇಗ ಜಾರಿಸುವ ಉಪಾಯವೂ ಹೌದು. ತಿಳಿಸಾರು ಸುರಿದು ಕಲಸಿದರೆ ಮೂರು ಸೌಟು ಅನ್ನ ಅಗಿಯದೇ ಇಳಿದುಹೋಗುತ್ತದೆ, ನಾಲ್ಕನೆಯದಕ್ಕೆ ಮೊಸರು ಕಾದಿರುತ್ತದೆ. ರೋಲ್ಸ್ ಕಂಡ ಲಾಭ ನಮಗೂ ಬೇಕಾದರೆ ಸಾರು ಅನ್ನಕ್ಕಿಂತ ಮೊದಲು, ಲೋಟದಲ್ಲಿ ಬರಬೇಕು. ಮದುವೆ ಮನೆಯ ಅಡುಗೆಭಟ್ಟರು ಇದನ್ನು ಒಪ್ಪುವುದು ಕಷ್ಟ. ಮನೆಯಲ್ಲಿ ಒಪ್ಪಿಸಬಹುದು.

ಬೇಡ ಎಂದರೂ ಬರುವ ಕಾಫಿ

ಜಾಗದ ಲೆಕ್ಕ ಇನ್ನೂ ಸ್ಪಷ್ಟವಾಗಿ ಕಾಣುವುದು ಕಾಫಿ ಟೀಗಳಲ್ಲಿ. ಒಂದು ಚಮಚ ಸಕ್ಕರೆ ಐದು ಗ್ರಾಂ, 20 ಕ್ಯಾಲೊರಿ. ಬೆಳಗ್ಗೆ ಎರಡು, ಆಫೀಸಿನ ಯಂತ್ರದಿಂದ ಎರಡು, ಸಂಜೆ ಮನೆಗೆ ಬಂದು ಒಂದು. ಎರಡೆರಡು ಚಮಚದಂತೆ ದಿನಕ್ಕೆ 50 ಗ್ರಾಂ ಸಕ್ಕರೆ. ಸಾಧ್ಯವಾದರೆ ಸುಮಾರು 25 ಗ್ರಾಂ ಒಳಗೇ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಿಂದ ಹೇಳುತ್ತಿದೆ. ತಿಂಗಳಿಗೆ ಈ ಸಕ್ಕರೆಯೊಂದೇ 6000 ಕ್ಯಾಲೊರಿ. ಒಂದು ಕಿಲೊ ಮೈಕೊಬ್ಬಿನಲ್ಲಿ ಇರುವುದು ಸುಮಾರು 7700. ಮೈ ಬ್ಯಾಂಕಿನ ಗುಮಾಸ್ತನಂತೆ ಪೈಸೆಗೆ ಪೈಸೆ ಲೆಕ್ಕ ಚುಕ್ತಾ ಮಾಡುವುದಿಲ್ಲವಾದರೂ, ಐದರಲ್ಲಿ ಮೂರು ಕಾಫಿಯ ಜಾಗಕ್ಕೆ ನೀರು ಬಂದರೆ ಏನಾದೀತು ಎಂದು ಊಹಿಸಲು ಗಣಿತದ ಪದವಿ ಬೇಡ. ಕಾಲು ಲೀಟರ್ ತಂಪು ಪಾನೀಯದ ಬಾಟಲಿಯಲ್ಲಂತೂ ಒಂದೇ ಏಟಿಗೆ 25 ಗ್ರಾಂಗೂ ಹೆಚ್ಚು ಸಕ್ಕರೆ. ‘ಬೆಲ್ಲದ ಟೀ, ಆರೋಗ್ಯಕ್ಕೆ ಒಳ್ಳೆಯದು’ ಎಂಬ ಬೋರ್ಡುಗಳು ಹೆದ್ದಾರಿಯುದ್ದಕ್ಕೂ ಎದ್ದಿವೆ. ಕ್ಯಾಲೊರಿಯ ವಿಷಯದಲ್ಲಿ ಬೆಲ್ಲ ಸಕ್ಕರೆಯ ಖಾಸಾ ತಮ್ಮ. ಬೆಳಗಿನ ಬಿಸಿನೀರಿಗೆ ಜೇನು ನಿಂಬೆ ಹಿಂಡಿ ಕುಡಿಯುವವರಿಗೂ ಇದೇ ಮಾತು: ಚಮಚ ಜೇನಿಗೆ 20 ಕ್ಯಾಲೊರಿ ಇದ್ದೇ ಇದೆ. ಜೀರಿಗೆ ನೀರು, ಮೆಂತ್ಯ ನೀರು ಕುಡಿಯಬಹುದು, ಸಕ್ಕರೆಯಿಲ್ಲದ್ದು ಎಂಬುದೇ ಅವುಗಳ ದೊಡ್ಡ ಗುಣ.

ಆದರೆ ಕಾಫಿ ಬಿಡುವುದು ನಮ್ಮಲ್ಲಿ ಆಹಾರದ ಪ್ರಶ್ನೆಯಷ್ಟೇ ಆಗಿದ್ದರೆ ಎಷ್ಟೋ ಸುಲಭವಿತ್ತು. ಅದು ಮರ್ಯಾದೆಯ ಪ್ರಶ್ನೆ. ‘ಕಾಫಿನೂ ಬೇಡ್ವಾ? ನಮ್ಮನೇಲಿ ಏನೂ ಮುಟ್ಟಲ್ಲ ಅಂತ ಹರಕೆ ಹೊತ್ಕೊಂಡಿದೀರಾ?’ ಎಂದು ಅತ್ತೆಯೋ ಚಿಕ್ಕಮ್ಮನೋ ಕೇಳಿದರೆ ಯಾವ ಆಹಾರ ತಜ್ಞೆಯ ಪಟ್ಟಿಯೂ ನಿಲ್ಲುವುದಿಲ್ಲ. ಇದಕ್ಕೆ ಹಳ್ಳಿಗಳಲ್ಲಿ ಹಿಂದೆ ಇದ್ದ ಪರಿಹಾರ ಚೆನ್ನಾಗಿತ್ತು. ಬಿಸಿಲಿನಿಂದ ಬಂದವರಿಗೆ ಒಂದು ಚೂರು ಬೆಲ್ಲ, ಒಂದು ಚೊಂಬು ತಣ್ಣೀರು. ಬಾಯಿಗೆ ಸಿಹಿಯೂ ಆಯಿತು, ಮರ್ಯಾದೆಯೂ ಉಳಿಯಿತು, ಒಳಗೆ ಹೋಗಿದ್ದು ಬಹುಪಾಲು ನೀರು. ಇವತ್ತು ‘ಮೊದಲು ಒಂದು ಲೋಟ ನೀರು ಕೊಡಮ್ಮ, ಕಾಫಿ ಆಮೇಲೆ ನೋಡೋಣ’ ಎಂದು ಕೇಳಿ ಕುಡಿದರೆ ಮನೆಯೊಡತಿಗೂ ಬೇಸರವಿಲ್ಲ. ಆ ‘ಆಮೇಲೆ’ಯನ್ನು ಮಾತಿನಲ್ಲಿ ಮರೆಸುವುದು ಅವರವರ ಚಾಕಚಕ್ಯ.

ನಾಲ್ಕು ಲೀಟರ್ ಸಲಹೆಯ ಅಪಾಯವನ್ನೂ ಇಲ್ಲೇ ಹೇಳಿಬಿಡಬೇಕು. ಆರೋಗ್ಯವಂತರ ಮೂತ್ರಪಿಂಡ ಗಂಟೆಗೆ ಹೊರಹಾಕಬಲ್ಲದ್ದು ಹೆಚ್ಚುಕಡಿಮೆ ಒಂದು ಲೀಟರ್. ಅದನ್ನು ಮೀರಿ ಗಟಗಟನೆ ಸುರಿದುಕೊಂಡರೆ ರಕ್ತದ ಸೋಡಿಯಂ ತೆಳುವಾಗಿ, ತಲೆನೋವು, ವಾಂತಿ, ಕೊನೆಗೆ ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಓಟ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಇಳಿದಿತ್ತು. ಓಡುವ ಹೊತ್ತಿನಲ್ಲಿ ಹೆಚ್ಚು ಕುಡಿದು ಮೈತೂಕ ಏರಿಸಿಕೊಂಡವರಲ್ಲಿ ಅದು ಜಾಸ್ತಿ ಕಂಡಿತು. ಹೃದಯ ದುರ್ಬಲಗೊಂಡವರು, ಡಯಾಲಿಸಿಸ್‌ನಲ್ಲಿ ಇರುವವರು ಲೋಟದ ಲೆಕ್ಕವನ್ನು ತಮ್ಮ ವೈದ್ಯರಿಂದಲೇ ಕೇಳಬೇಕು, ಪಾರ್ಕಿನ ಗೆಳೆಯರಿಂದಲ್ಲ. ಮೂತ್ರದಲ್ಲಿ ಕಲ್ಲಾಗಿ ನರಳಿದವರ ಸಂಗತಿ ತಿರುವುಮುರುವು, ಅವರಿಗೆ ಹೆಚ್ಚು ನೀರು ನಿಜವಾದ ಔಷಧ. ಇನ್ನು ಪಾವಗಡ, ಮುಳಬಾಗಿಲು, ಬಾಗೇಪಲ್ಲಿಯಂಥ ಕಡೆ ಕೊಳವೆಬಾವಿಯ ನೀರಲ್ಲೇ ಫ್ಲೋರೈಡ್. ಅಲ್ಲಿ ‘ಹೆಚ್ಚು ಕುಡಿಯಿರಿ’ ಎನ್ನುವ ಮೊದಲು ಯಾವ ನೀರು ಎಂದು ಕೇಳಬೇಕು. ನಾಣ್ಯ ಹಾಕಿ 20 ಲೀಟರಿನ ಕ್ಯಾನು ತುಂಬಿಸಿಕೊಂಡು ಬರುವ ಮನೆಗಳಲ್ಲಿ ಪ್ರತಿ ಲೋಟಕ್ಕೂ ಹೊತ್ತು ತಂದವರ ಬೆನ್ನುನೋವಿದೆ.

ಇದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿದೆ, ಅದನ್ನು ತೂಕ ಇಳಿಸುವ ಲೇಖನಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ನಮ್ಮಲ್ಲಿ ಎಷ್ಟೋ ಹೆಂಗಸರು ನೀರು ಕುಡಿಯದಿರುವುದು ಮರೆವಿನಿಂದಲ್ಲ, ಲೆಕ್ಕ ಹಾಕಿ. ಬಸ್ಸಿನ ಕಂಡಕ್ಟರ್, ಸಂತೆಯಲ್ಲಿ ಸೊಪ್ಪು ಮಾರುವಾಕೆ, ಬೀದಿ ಗುಡಿಸುವ ಪೌರಕಾರ್ಮಿಕೆ, ಬಂದೋಬಸ್ತಿಗೆ ನಿಂತ ಪೊಲೀಸ್, ಗಾರ್ಮೆಂಟ್ಸ್‌ನಲ್ಲಿ ಗಂಟೆಗಿಷ್ಟು ಪೀಸು ಎಂದು ಹೊಲಿಯುವ ಹುಡುಗಿ. ಶೌಚಾಲಯ ದೂರ, ಇಲ್ಲವೇ ಬೀಗ, ಇಲ್ಲವೇ ಹೋಗಿ ಬರುವಷ್ಟರಲ್ಲಿ ಸೂಪರ್‌ವೈಸರ್ ಕೂಗು. ಬೆಳಗ್ಗೆಯಿಂದ ಗಂಟಲು ಒಣಗಿಸಿಕೊಂಡು ದುಡಿದು, ಸಂಜೆಗೆ ಮೂತ್ರದ ಉರಿ, ಸೋಂಕು. ಮಧ್ಯೆ ತೆಗೆದುಕೊಳ್ಳುವುದು ಸಣ್ಣ ಕಪ್ಪಿನ ಸಕ್ಕರೆ ಟೀ ಮತ್ತು ಬನ್ನು. ಕುಡಿಯುವ ನೀರು, ಶೌಚಾಲಯ ಎರಡನ್ನೂ ಕೊಡಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಕೇರಳದ ಶಾಲೆಗಳಲ್ಲಿ ಮಕ್ಕಳಿಗೆ ನೀರು ಕುಡಿಯಲು ನೆನಪಿಸುವ ‘ವಾಟರ್ ಬೆಲ್’ 2019ರಲ್ಲಿ ಸುದ್ದಿಯಾದಾಗ ಕರ್ನಾಟಕವೂ ಅದನ್ನು ಮೆಚ್ಚಿ ಎತ್ತಿಕೊಂಡಿತು. ಬೆಲ್ ಹೊಡೆಯುವುದು ಸುಲಭ. ಅದು ಹೊಡೆದ ಒಂದು ಗಂಟೆಯ ಮೇಲೆ ಎಂಟನೇ ಕ್ಲಾಸಿನ ಹುಡುಗಿ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಶಾಲೆಯಲ್ಲಿ ಉತ್ತರವಿದ್ದರೆ ಮಾತ್ರ ಅವಳು ಬಾಟಲಿ ಖಾಲಿ ಮಾಡುತ್ತಾಳೆ.

66 ದಿನ

ಸವಲತ್ತು ಇದ್ದವರಿಗೆ ಉಳಿಯುವುದು ಅಭ್ಯಾಸದ ಪ್ರಶ್ನೆ. ಹೊಸದಾಗಿ ಪಥ್ಯ ಹಿಡಿದವರು ಮೊದಲ ವಾರವೇ ಎರಡು ಕಿಲೊ ಇಳಿದು ಹಿಗ್ಗುತ್ತಾರೆ, ಮೂರನೇ ವಾರ ಮುಳ್ಳು ಅಲ್ಲಾಡದಾಗ ಕೈಬಿಡುತ್ತಾರೆ. ಮೊದಲ ವಾರ ಇಳಿದದ್ದು ಬಹುಪಾಲು ನೀರೇ. ಮೈಯಲ್ಲಿ ಕೂಡಿಟ್ಟ ಪಿಷ್ಟ, ಅಂದರೆ ಗ್ಲೈಕೊಜೆನ್, ಒಂದು ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಊಟ ಕಡಿಮೆಯಾದಾಗ ಅದು ಖರ್ಚಾಗಿ ಜೊತೆಗಿನ ನೀರೂ ಹೊರಡುತ್ತದೆ. ನಿಜವಾದ ಕೊಬ್ಬು ಹೊರಡುವುದು ನಿಧಾನ. ವಾರಕ್ಕೆ ಅರ್ಧ ಕಿಲೊ ಇಳಿದರೆ ಚೆನ್ನಾಗಿಯೇ ಇಳಿದಂತೆ.

ನಿದ್ದೆಯನ್ನು ಇದರಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ, ತೂಕ ಹೆಚ್ಚಿದ್ದ 80 ಮಂದಿಯನ್ನು ಷಿಕಾಗೋದಲ್ಲಿ ಅಧ್ಯಯನಕ್ಕೆ ತೆಗೆದುಕೊಂಡರು. ಫಲಿತಾಂಶ ಅಚ್ಚಾಗಿದ್ದು 2022ರಲ್ಲಿ. ಅವರಲ್ಲಿ ಅರ್ಧ ಜನರ ನಿದ್ದೆ ಒಂದು ಗಂಟೆಗೂ ಸ್ವಲ್ಪ ಹೆಚ್ಚು ಬೆಳೆಯುವಂತೆ ಮಾಡಿದಾಗ, ಪಥ್ಯದ ಮಾತೇ ಇಲ್ಲದೆ, ಇನ್ನರ್ಧ ಜನರಿಗೆ ಹೋಲಿಸಿದರೆ ಅವರ ದಿನದ ತಿನಿಸು ಸುಮಾರು 270 ಕ್ಯಾಲೊರಿ ತಗ್ಗಿತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ರಾತ್ರಿ ಒಂಬತ್ತೂವರೆಗೆ ಮನೆ ಸೇರಿ, ಹತ್ತಕ್ಕೆ ಉಂಡು, ಹನ್ನೆರಡರವರೆಗೆ ಫೋನು ಉಜ್ಜುವವರಿಗೆ ಇದಕ್ಕಿಂತ ಅಗ್ಗದ ಚಿಕಿತ್ಸೆ ಯಾರೂ ಬರೆದುಕೊಡಲಾರರು. ನಡಿಗೆ, ಮಾಂಸಖಂಡ ಉಳಿಸುವ ಒಂದಿಷ್ಟು ಭಾರದ ಕಸರತ್ತು, ಊಟದಲ್ಲಿ ಬೇಳೆ ಕಾಳು ಮೊಟ್ಟೆ ಇವೆಲ್ಲ ಎಲ್ಲರಿಗೂ ಗೊತ್ತಿರುವಂಥವು, ಹೇಳಿ ಬೇಸರ ತರಿಸುವುದಿಲ್ಲ.

ಗೊತ್ತಿದ್ದೂ ಮಾಡಲಾಗದ ಸಂಕಟಕ್ಕೆ ನೀರಿನ ಲೋಟವೇ ಒಳ್ಳೆಯ ಆರಂಭ ಅನ್ನಿಸುವುದಕ್ಕೆ ಕಾರಣವಿದೆ. 21 ದಿನದಲ್ಲಿ ಅಭ್ಯಾಸ ಮೈಗೂಡುತ್ತದೆ ಎಂಬ ಜನಪ್ರಿಯ ಮಾತು ಹುಟ್ಟಿದ್ದು 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ ಬರೆದ ಪುಸ್ತಕದಿಂದ. ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಅದನ್ನು ನಿಜಕ್ಕೂ ಅಳೆದು ನೋಡಿದರು. 96 ಮಂದಿ ತಲಾ ಒಂದೊಂದು ಹೊಸ ಅಭ್ಯಾಸ ಆರಿಸಿಕೊಂಡರು. ಊಟದ ಜೊತೆ ಒಂದು ಹಣ್ಣು, ಮಧ್ಯಾಹ್ನದ ಊಟಕ್ಕೆ ಒಂದು ಬಾಟಲಿ ನೀರು, ರಾತ್ರಿ ಊಟಕ್ಕೆ ಮುಂಚೆ ಓಟ ಹೀಗೆ. ಯೋಚಿಸದೇ ತಾನಾಗಿ ನಡೆಯುವ ಹಂತಕ್ಕೆ ಬರಲು ಹಿಡಿದದ್ದು ನಡುಲೆಕ್ಕದಲ್ಲಿ 66 ದಿನ. ಕೆಲವರಿಗೆ 18ರಲ್ಲೇ ಕೈವಶವಾದರೆ ಇನ್ನು ಕೆಲವರಿಗೆ 254 ಬೇಕೆನ್ನಿಸಿತು. ನೀರು ಕುಡಿಯುವಂಥವು ಬೇಗ ಅಂಟಿಕೊಂಡವು, ವ್ಯಾಯಾಮ ತಡವಾಗಿ.

ನಮ್ಮ ಪಂಚಾಂಗದಲ್ಲಿ ಹಬ್ಬ ಹುಣ್ಣಿಮೆಯಿಲ್ಲದ 66 ದಿನ ಹುಡುಕಹೊರಟರೆ ಸಿಗುವುದಿಲ್ಲ. ಯುಗಾದಿಗೆ ಆರಂಭಿಸಿದವರು ರಾಮನವಮಿಯ ಪಾನಕ, ಮಾವಿನ ಹಣ್ಣಿನ ಸೀಕರಣೆ, ಮದುವೆ ಸೀಸನ್ನಿನ ಹೋಳಿಗೆ ಎಲ್ಲ ದಾಟಬೇಕು. ಗೌರಿ ಗಣೇಶಕ್ಕೆ ಹಿಡಿದರೆ ದಸರಾ ಮುಗಿದು ದೀಪಾವಳಿಯೂ ಕಳೆಯಬೇಕು. ಆಷಾಢ ಖಾಲಿ, ಆದರೆ ಅದಕ್ಕೆ ಮೂವತ್ತೇ ದಿನ. ಲ್ಯಾಲಿಯ ಲೆಕ್ಕದಲ್ಲಿ ನಮಗೆ ಅನುಕೂಲವಾದ ಇನ್ನೊಂದು ಸಂಗತಿ ಉಂಟು: ನಡುವೆ ಒಂದು ದಿನ ತಪ್ಪಿದರೂ ಅಭ್ಯಾಸ ಕೂಡುವ ವೇಗ ಕೆಡಲಿಲ್ಲ. ಹೋಳಿಗೆಯ ದಿನ ಊಟಕ್ಕೆ ಮುಂಚಿನ ಲೋಟ ಮರೆತರೆ ಮರುದಿನ ಹಿಡಿದರಾಯಿತು.